ಹತ್ತಕ್ಕೆ ಸೊನ್ನೆ ನೋವು

ಹೆಂಡತಿಯ ಬಗ್ಗೆ ನಾಲ್ಕು ಜನರೆದುರು ಹೆಮ್ಮೆ ಪಟ್ಟುಕೊಳ್ಳುವುದು ನಮ್ಮ ಕಡೆಯ ಗಂಡಸರಿಗೆ ಅಷ್ಟು ಸುಲಭವಲ್ಲ. ಎತ್ತಿನ ಬಗ್ಗೆ ಪಡಬಹುದು, ತೊಗರಿಯ ಇಳುವರಿಯ ಬಗ್ಗೆ ಪಡಬಹುದು, ಹೊಸದಾಗಿ ತಂದ ಮೋಟಾರ್ ಸೈಕಲ್ಲಿನ ಬಗ್ಗೆಯಂತೂ ಕೇಳುವವರು ಎದ್ದು ಹೋದ ಮೇಲೂ ಪಡುತ್ತಿರಬಹುದು. ಹೆಂಡತಿಯ ವಿಷಯ ಬಂದಾಗ ಮಾತ್ರ ಹೊಗಳಿಕೆ ಹೋಳಿಗೆ ಮತ್ತು ಶೇಂಗಾ ಹಿಂಡಿಯನ್ನು ದಾಟಿ ಮುಂದೆ ಹೋಗಬಾರದೆಂಬುದು ಯಾರೂ ಬರೆದಿಡದ ನಿಯಮ. ದಾಟಿದರೆ ಎದುರಿಗಿದ್ದವರು ಒಂದು ನಮೂನೆ ನಕ್ಕು, ಚಹಾದ ಕಪ್ಪು ಕೆಳಗಿಟ್ಟು, ಮಳೆಯ ಮಾತು ತೆಗೆಯುತ್ತಾರೆ. ನಾನು ಈ ನಿಯಮ ಮುರಿದು ಬಹಳ ಕಾಲವಾಯಿತು. ಮುರಿಯದೆ ನನಗೆ ಗತಿಯೂ ಇರಲಿಲ್ಲ, ಯಾಕೆಂದರೆ ನನ್ನ ಹೆಂಡತಿಗೆ ಹೋಳಿಗೆ ಮಾಡಲು ಬರುವುದಿಲ್ಲ. ಅವಳಿಗೆ ಬರುವುದು ಮನುಷ್ಯರ ನೋವು ತೆಗೆಯುವುದು.

ನಾನು ಆಳಂದದ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ಹುಟ್ಟಿದ್ದು ಯಡ್ರಾಮಿಯಲ್ಲಿ. ಹೆಂಡತಿ ಸುವರ್ಣಾ ಇದೇ ತಾಲ್ಲೂಕಿನ ಮಟಕಿಯ ಒಕ್ಕಲುತನದ ಮನೆಯವಳು. ಹುಬ್ಬಳ್ಳಿಯಲ್ಲಿ ಓದಿ, ಆಪರೇಷನ್ನಿಗೆ ಮೊದಲು ರೋಗಿಯ ಎಚ್ಚರ ತಪ್ಪಿಸುವ, ಆಪರೇಷನ್ ನಡೆಯುವಷ್ಟು ಹೊತ್ತು ಅವನ ಉಸಿರನ್ನು ಕಾಯುವ, ಆಮೇಲೆ ಅವನನ್ನು ಎಬ್ಬಿಸಿ ಮನೆಯವರ ವಶಕ್ಕೆ ಒಪ್ಪಿಸುವ ಡಾಕ್ಟರಾಗಿ ಬಂದಳು. ಇಂಥವರನ್ನು ಕನ್ನಡದಲ್ಲಿ ಅರಿವಳಿಕೆ ತಜ್ಞರು ಎನ್ನುತ್ತಾರೆ. ಕನ್ನಡ ಮೇಷ್ಟ್ರೆಂಬ ಅಭಿಮಾನಕ್ಕೆ ನಾನು ಈ ಶಬ್ದವನ್ನು ಊರಲ್ಲಿ ಬಳಕೆಗೆ ತರಲು ಸಾಕಷ್ಟು ಹೆಣಗಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಬಟ್ಟೆ ಅಂಗಡಿಯವರು ಬಹಳ ಗೌರವದಿಂದ ಕೇಳಿಸಿಕೊಂಡು, ಅರಿವಿ ವ್ಯಾಪಾರದಲ್ಲಿ ಡಾಕ್ಟರಿಕೆ ಯಾವಾಗ ಬಂತೆಂದು ಕೇಳಿದರು; ನಮ್ಮ ಕಡೆ ಅರಿವಿ ಎಂದರೆ ಬಟ್ಟೆ. ಅಲ್ಲಿಗೆ ಆ ಪ್ರಯತ್ನ ಬಿಟ್ಟೆ. ಊರಿನವರು ಅಷ್ಟರಲ್ಲಿ ತಮಗೆ ಬೇಕಾದ ಹೆಸರು ತಾವೇ ಇಟ್ಟುಕೊಂಡಿದ್ದರು: ಬೇಹೋಶ್ ಡಾಕ್ಟ್ರು. ಹಾಗಾಗಿ ನಾನು ಬೇಹೋಶ್ ಡಾಕ್ಟ್ರ ಮನೆಯವರು. ಗಂಡ ಹೆಂಡತಿ ಇಬ್ಬರದೂ ಒಂದೇ ಉದ್ಯೋಗ, ಅವರು ಸೂಜಿ ಚುಚ್ಚಿ ಮಲಗಿಸುತ್ತಾರೆ, ನೀವು ಪಾಠ ಹೇಳಿ ಮಲಗಿಸುತ್ತೀರಿ ಎಂದು ಕಾಲೇಜಿನ ಮಿತ್ರರು ನನ್ನನ್ನು ಕೆಣಕುವುದುಂಟು. ನಾನು ಒಪ್ಪಿಕೊಳ್ಳುತ್ತೇನೆ. ಅವಳು ಮಲಗಿಸಿದವರು ಎದ್ದ ಮೇಲೆ ಆರಾಮಾಗಿರುತ್ತಾರೆ, ನನ್ನವರ ಬಗ್ಗೆ ಆ ಭರವಸೆ ಕೊಡಲಾರೆ.

ಈ ಕೆಲಸದಲ್ಲಿ ಒಂದು ಅನ್ಯಾಯವಿದೆ. ರೋಗಿಗೆ ಅವಳ ಮುಖ ನೆನಪಿರುವುದಿಲ್ಲ, ಯಾಕೆಂದರೆ ಅವಳ ಕೆಲಸ ಸುರುವಾಗುವುದೇ ಅವನ ನೆನಪು ಮುಗಿದ ಮೇಲೆ. ಹಾರ, ಶಾಲು, ಕಬ್ಬಿನ ಹಾಲು, ಪೇಢೆ ಎಲ್ಲವೂ ಸರ್ಜನ್ ಸಾಹೇಬರಿಗೆ. ಆಪರೇಷನ್ ನಿಮ್ಮ ಮನೆಯವರೇ ಮಾಡುತ್ತಾರೇನೆಂದು ಕೇಳಿದವರಿಗೆ ಇಲ್ಲವೆಂದರೆ, ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಸಣ್ಣ ಅನುಕಂಪ ಮೂಡುತ್ತದೆ. ಸುವರ್ಣಾಳಿಗೆ ಇದರಿಂದ ಏನೂ ಅನ್ನಿಸುವುದಿಲ್ಲ. ಅನ್ನಿಸುವುದು ನನಗೆ. ಅದರಲ್ಲೂ ನನ್ನ ಷಡ್ಡಕ ಮಲ್ಲಣ್ಣನ ಎದುರು.

ಮಲ್ಲಣ್ಣ ನನ್ನ ಹೆಂಡತಿಯ ಅಕ್ಕನ ಗಂಡ. ಜೇವರ್ಗಿಯಲ್ಲಿ ತೊಗರಿಬೇಳೆಯ ವ್ಯಾಪಾರ. ಒಳ್ಳೆಯ ಮನುಷ್ಯ, ಕೈ ಎತ್ತಿ ಕೊಡುವವನು, ಆದರೆ ಅವನಿಗೊಂದು ಗಾಯದ ಗುರುತಿದೆ. ಬಹಳ ಹಿಂದೆ ಸೊಲ್ಲಾಪುರದಲ್ಲಿ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆಸಿಕೊಂಡಾಗ ಉಳಿದದ್ದು. ಬಲ ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ ಹೋದ ಆ ಗುರುತನ್ನು ಅವನು ಮದುವೆ, ಕುಬಸ, ತೊಟ್ಟಿಲು ಎನ್ನದೆ ಎಲ್ಲಾ ಕಾರ್ಯಗಳಲ್ಲೂ ಊಟಕ್ಕೆ ಮೊದಲು ಅಂಗಿ ಎತ್ತಿ ತೋರಿಸುತ್ತಾನೆ. ಹೊಲಿಗೆ ಹಾಕಿದ ಮೇಲೆ ತಾನು ಪಟ್ಟ ಪಾಡು, ಒಂದು ಸಲ ಸೀನಿದ್ದಕ್ಕೆ ಕಣ್ಣಿಗೆ ಕತ್ತಲೆ ಬಂದದ್ದು, ಆ ವಾರ ನಗಿಸಲು ಬಂದ ಗೆಳೆಯನನ್ನು ಹೊರಗೆ ಕಳಿಸಿದ್ದು, ಎಲ್ಲವನ್ನೂ ಹೇಳಿ, ಈಗಿನ ಕಾಲದ ದುರ್ಬೀನ್ ಆಪರೇಷನ್ ಆಪರೇಷನ್ನೇ ಅಲ್ಲವೆಂದು ಮುಗಿಸುತ್ತಾನೆ. ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಇಳಿಸಿ ಮಾಡುವುದಕ್ಕೆ ನಮ್ಮ ಕಡೆ ಹೀಗೆನ್ನುತ್ತಾರೆ. ನಾಲ್ಕು ತೂತಿಗೆ ಇಷ್ಟೊಂದು ಡಾಕ್ಟರು ಯಾಕೆಂಬುದು ಅವನ ಪ್ರಶ್ನೆ. ಪ್ರಶ್ನೆ ಕೇಳುವಾಗ ಅವನು ನನ್ನ ಹೆಂಡತಿಯ ಕಡೆ ನೋಡುವುದಿಲ್ಲ, ನನ್ನ ಕಡೆ ನೋಡುತ್ತಾನೆ.

ಹೀಗಿರುವಾಗ ನನಗೇ ಪಿತ್ತಕೋಶದಲ್ಲಿ ಹರಳು ಕಾಣಿಸಿಕೊಂಡವು. ಭಾನುವಾರ ಬೆಳಿಗ್ಗೆ ಸುಸಲಾ ಮತ್ತು ಮಿರ್ಚಿ ಭಜಿ ತಿಂದು, ಭಜಿ ಚೆನ್ನಾಗಿತ್ತೆಂದು ಇನ್ನಷ್ಟು ತಿಂದು, ಕುರ್ಚಿಗೆ ಒರಗಿದವನಿಗೆ ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ನಾನು ಆರಡಿ ಎತ್ತರದ, ನೋಡುವವರಿಗೆ ಗರಡಿ ಮನೆಯಿಂದ ಬಂದವನಂತೆ ಕಾಣುವ ಮನುಷ್ಯ. ಆ ದಿನ ಎತ್ತಿದ ದನಿ ಕೇಳಿ ಪಕ್ಕದ ಮನೆಯವರು ನಮ್ಮಲ್ಲಿ ಹೆರಿಗೆಯಾಗುತ್ತಿದೆ ಎಂದುಕೊಂಡರಂತೆ. ಸುವರ್ಣಾ ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನಿಂಗ್ ಮಾಡಿಸಿ, ಹರಳಿದ್ದ ಪಿತ್ತಕೋಶ ತೆಗೆಯಬೇಕಾಗುತ್ತದೆ ಎಂದಳು. ಅವಳು ಕೆಲಸ ಮಾಡುವ ಊರಿನ ನರ್ಸಿಂಗ್ ಹೋಮಿನಲ್ಲೇ, ದುರ್ಬೀನಿನಿಂದ.

ಅಲ್ಲಿಯ ಸರ್ಜನ್ ಹೊಸಮನಿ ಡಾಕ್ಟರು ನಮ್ಮ ಮನೆಗೇ ಚಹಾಕ್ಕೆ ಬಂದು ಧೈರ್ಯ ಹೇಳಿದರು. ಕೈ ಒಳ್ಳೆಯದು, ಮಾತು ಕಡಿಮೆ, ಹೊಸದಾದ ಯಾವುದನ್ನೂ ಒಂದೇ ಸಲಕ್ಕೆ ನಂಬುವವರಲ್ಲ. ಅವರಿಗೂ ನನ್ನ ಹೆಂಡತಿಗೂ ಕೆಲವು ತಿಂಗಳಿಂದ ಒಂದು ಗುದ್ದಾಟ ನಡೆದಿತ್ತು. ದುರ್ಬೀನ್ ಆಪರೇಷನ್ನಿನಲ್ಲಿ ಗಾಯ ಸಣ್ಣದಾದರೂ ನೋವು ಸಣ್ಣದಲ್ಲ, ಮೊದಲ ದಿನವಂತೂ ಜನ ಕೆಮ್ಮಲು ಹೆದರುತ್ತಾರೆ, ಉಸಿರನ್ನೂ ಅರ್ಧ ಎಳೆದುಕೊಳ್ಳುತ್ತಾರೆ ಎಂಬುದು ಅವಳ ವಾದ. ಜೋರಿನ ನೋವಿನ ಇಂಜೆಕ್ಷನ್ ಕೊಟ್ಟರೆ ಕೆಲವರಿಗೆ ವಾಂತಿ, ಕೆಲವರಿಗೆ ತಲೆ ಸುತ್ತು. ಅದರ ಬದಲು ಹೊಟ್ಟೆಯ ಗೋಡೆಗೆ ಹೋಗುವ ನರಗಳನ್ನೇ ಕೆಲವು ತಾಸು ಮರಗಟ್ಟಿಸಿದರೆ ಮೊದಲ ದಿನದ ಕಷ್ಟ ಬಹಳಷ್ಟು ಕಡಿಮೆಯಾಗುತ್ತದೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಓದುವಾಗ ಅವಳು ಇದನ್ನು ಬೇಕಾದಷ್ಟು ಮಾಡಿದ್ದಳು. ಇಲ್ಲಿ ಮಾಡಲು ಆಪರೇಷನ್ ಕೋಣೆಗೊಂದು ಸಣ್ಣ ಸ್ಕ್ಯಾನಿಂಗ್ ಯಂತ್ರ ಬೇಕಾಗಿತ್ತು, ಸರಕಾರದ ಪರವಾನಿಗೆಯೊಂದಿಗೆ ಅದು ಆಗಷ್ಟೇ ಬಂದಿತ್ತು. ಹೊಸಮನಿ ಡಾಕ್ಟರು ಚಹಾ ಕುಡಿಯುತ್ತ ಹೇಳಿದ್ದು, ಯಂತ್ರ ಬಂದದ್ದು ಸಂತೋಷ, ಆದರೆ ಬೆರಳಗಲದ ತೂತಿಗೆ ಇಷ್ಟು ಉಪಚಾರ ಬೇಕೇ, ದಿನವೂ ಸಾಲಾಗಿ ಆಪರೇಷನ್ ಇರುವಾಗ ಒಬ್ಬೊಬ್ಬರಿಗೂ ಇನ್ನಷ್ಟು ಹೊತ್ತು ಹೋದರೆ ಹೇಗೆ ಎಂದು. ಮಲ್ಲಣ್ಣನ ಮಾತನ್ನೇ ಓದಿದವರ ಬಾಯಲ್ಲಿ ಕೇಳಿದಂತಾಗಿ ನನಗೆ ಚಹಾ ಕಹಿಯಾಯಿತು.

ಅವರು ಹೋದ ಮೇಲೆ, ಈ ಬ್ಲಾಕ್ ಅಂದರೆ ನಿಜವಾಗಿ ಏನೆಂದು ಹೆಂಡತಿಯನ್ನು ಕೇಳಿದೆ. ಇಷ್ಟು ವರ್ಷ ಅವಳ ಬಗ್ಗೆ ಹೆಮ್ಮೆ ಪಟ್ಟದ್ದೆಲ್ಲ ವಿಷಯ ಗೊತ್ತಿಲ್ಲದೆಯೇ. ಅವಳು ಅಡುಗೆ ಮನೆಯಿಂದ ತಟ್ಟೆಯಲ್ಲಿ ಪದರು ಚಪಾತಿ ತಂದು ಬಿಡಿಸಿ ತೋರಿಸಿದಳು. ಹೊಟ್ಟೆಯ ಪಕ್ಕದ ಗೋಡೆಯಲ್ಲಿ ಹೀಗೇ ಮೂರು ಪದರು ಮಾಂಸಖಂಡ. ಒಳಗಿನ ಎರಡು ಪದರುಗಳ ನಡುವೆ ನರಗಳು ಹಾಯ್ದು ಬರುತ್ತವೆ. ಪರದೆಯ ಮೇಲೆ ಪದರುಗಳನ್ನು ನೋಡುತ್ತ, ತೆಳ್ಳನೆಯ ಸೂಜಿಯನ್ನು ಸರಿಯಾಗಿ ಆ ಸಂದಿಗೇ ಒಯ್ದು ಔಷಧ ಬಿಟ್ಟರೆ, ಚಪಾತಿಯ ಪದರಿನ ನಡುವೆ ಎಣ್ಣೆ ಹರಡಿದ ಹಾಗೆ ಅದು ಹರಡಿಕೊಳ್ಳುತ್ತದೆ. ಮೇಲಿನ ಪದರಲ್ಲಿ ಬಿಟ್ಟರೆ ಕೆಲಸವಿಲ್ಲ, ಇನ್ನೂ ಕೆಳಗೆ ಹೋದರೆ ಕರುಳು. ಇದನ್ನು ಹೇಳುವಾಗ ಅವಳ ಬೆರಳು ಎಷ್ಟು ಹಗುರವಾಗಿ ಪದರಿನಿಂದ ಪದರಿಗೆ ಸರಿಯಿತೆಂದರೆ, ಚಪಾತಿ ಒಂದೂ ಹರಿಯಲಿಲ್ಲ. ನನಗೆ ಎದೆ ಉಬ್ಬಿ ಬಂತು. ಬೇರೆ ಯಾರ ಮೇಲೂ ಬೇಡ, ಮೊದಲು ನನ್ನ ಹೊಟ್ಟೆಯ ಮೇಲೇ ತೋರಿಸು ಎಂದು ಹೇಳಿಬಿಟ್ಟೆ. ಇಂಥ ಧೀರ ಮಾತು ಆಡಿದ ಮೇಲೆ ಮನುಷ್ಯ ಸ್ವಲ್ಪ ಹೊತ್ತು ಒಬ್ಬನೇ ಕೂತುಕೊಳ್ಳಬೇಕಾಗುತ್ತದೆ.

ಅವಳು ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. "ಆಪರೇಷನ್ ಆದ ಮ್ಯಾಲೆ ತ್ರಾಸ ಎಷ್ಟದ ಅಂತ ಕೇಳ್ತಾರ. ಖರೆ ಏನದ ಅದೇ ಹೇಳಬೇಕ್ರಿ. ನನ್ನ ಮಾರಿ ನೋಡಿ ಹೇಳಬ್ಯಾಡ್ರಿ." ನಾನು ಆಯಿತೆಂದೆ. ಮೇಷ್ಟ್ರ ಮನೆಯಲ್ಲಿ ಖರೆ ಹೇಳುವುದನ್ನು ಷರತ್ತು ಹಾಕಿ ಕೇಳಬೇಕೇ ಎಂದೂ ಸೇರಿಸಿದೆ.

ಆಪರೇಷನ್ನಿನ ದಿನ ನನ್ನನ್ನು ಮಲಗಿಸಲು ಕಲಬುರಗಿಯಿಂದ ಅವಳ ಜೊತೆಗಾರ ಡಾಕ್ಟರೊಬ್ಬರು ಬಂದಿದ್ದರು. ಸ್ವಂತ ಗಂಡನ ಉಸಿರು ತಾನೇ ಕಾಯುವುದು ಸರಿಯಲ್ಲ, ಏನಾದರೂ ಆದರೆ ತಲೆ ನೆಟ್ಟಗಿರುವವರು ಒಬ್ಬರು ಬೇಕು ಎಂದು ಅವಳೇ ಕರೆಸಿದ್ದಳು. ಬ್ಲಾಕ್ ಮಾತ್ರ ಅವಳದೇ ಕೈಯಿಂದ, ನನಗೆ ಎಚ್ಚರ ತಪ್ಪಿದ ಮೇಲೆ. ಮೇಜಿನ ಮೇಲೆ ಮಲಗಿ ಮೇಲಿನ ದೊಡ್ಡ ದೀಪ ನೋಡುತ್ತಿದ್ದಾಗ ಅವಳು ಹತ್ತಿರ ಬಂದು ನಿಂತಳು. ಹಸಿರು ಟೊಪ್ಪಿಗೆ, ಮುಖಕ್ಕೆ ಬಟ್ಟೆ, ಕಣ್ಣು ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಕೀಲಿ ಎಲ್ಲಿಟ್ಟಿರಿ ಎಂದು ದಿನವೂ ಕೇಳುವ ಹೆಂಗಸು ಅವಳೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಸಾವಿರಾರು ಜನ ಕೊನೆಯದಾಗಿ ನೋಡಿ ಮರೆತ ಕಣ್ಣುಗಳಿವು, ನಾನೊಬ್ಬನಾದರೂ ಮರೆಯಬಾರದು ಎಂದುಕೊಂಡೆ. ಹಾಗೆ ಅಂದುಕೊಳ್ಳುವ ವಾಕ್ಯ ಪೂರ್ತಿಯಾಗಲಿಲ್ಲ.

ಎದ್ದಾಗ ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿತ್ತು. ಮೊದಲು ತಲೆಗೆ ಬಂದದ್ದು, ಆಪರೇಷನ್ ಇನ್ನೂ ಆಗಿಲ್ಲವೆಂದು. ಹೊಟ್ಟೆ ಇದ್ದ ಜಾಗದಲ್ಲಿ ಯಾರದೋ ಹೊಟ್ಟೆ ಇತ್ತು. ಮುಟ್ಟಿ ನೋಡಿದರೆ ಪಟ್ಟಿಗಳಿದ್ದವು, ನೋವಿರಲಿಲ್ಲ. ಸುವರ್ಣಾ ಸ್ಪಿರಿಟ್ಟಿನ ಹತ್ತಿ ತಂದು ತೋಳಿಗೆ ಒತ್ತಿದಳು, ತಣ್ಣಗಾಯಿತು. ಹೊಟ್ಟೆಗೆ ಒತ್ತಿದಳು, ಏನೋ ಮುಟ್ಟಿದ ಹಾಗಾಯಿತೇ ಹೊರತು ತಣ್ಣಗಾಗಲಿಲ್ಲ. ಕೆಮ್ಮಿ ತೋರಿಸಲು ಹೇಳಿದಳು. ಮಲ್ಲಣ್ಣನ ಸೀನಿನ ಕತೆ ನೆನಪಾಗಿ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಕೆಮ್ಮಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಕೆಮ್ಮಿದೆ. ಖುಷಿಗೆ ಮತ್ತೊಮ್ಮೆ ಕೆಮ್ಮಿದೆ. ಸಾಕು ಎಂದಳು. ಮುಖಕ್ಕೆ ಕಟ್ಟಿದ ಬಟ್ಟೆ ಆಗ ತೆಗೆದಿದ್ದಳು, ಅವಳ ಮುಖದಲ್ಲಿ ನಾನು ಮದುವೆಯ ಫೋಟೋದಲ್ಲೂ ಕಾಣದ ಒಂದು ನಗೆಯಿತ್ತು.

ಸ್ವಲ್ಪ ಹೊತ್ತಿಗೆ ಶಾಂತಾಬಾಯಿ ಎಂಬ ಹಿರಿಯ ನರ್ಸು ಬಂದು, "ಹತ್ತಕ್ಕ ಎಷ್ಟು ತ್ರಾಸ ಆಗಾಕತ್ತದ್ರಿ ಸರ್?" ಎಂದು ಕೇಳಿದರು. ಏನೂ ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಯಡ್ರಾಮಿಯ ನಮ್ಮ ಮನೆಯಲ್ಲಿ ನೋವಿಗೆ ಅಂಕ ಕೊಡುವ ರೂಢಿಯಿರಲಿಲ್ಲ. ಚುಚ್ಚುತ್ತದೆ, ಹಿಂಡುತ್ತದೆ, ಜಗ್ಗುತ್ತದೆ, ಸಿಡಿಯುತ್ತದೆ ಎಂದು ಅವ್ವನಿಗೆ ಹೇಳುತ್ತಿದ್ದೆವು, ಅವಳು ಅದಕ್ಕೆ ತಕ್ಕ ಹಾಗೆ ಅಜವಾನವನ್ನೋ ಬೈಗುಳವನ್ನೋ ಕೊಡುತ್ತಿದ್ದಳು. ಆದರೆ ಅಂಕ ಕೊಡುವುದು ನನ್ನ ಹೊಟ್ಟೆಪಾಡು. ಹುಡುಗರ ಉತ್ತರ ಪತ್ರಿಕೆಗೆ ಸೊನ್ನೆ ಕೊಡುವಾಗ ಎಷ್ಟೋ ಸಲ ಕೈ ಹಿಂಜರಿದಿದೆ. ಆ ದಿನ ಬಾಯಿ ತುಂಬ ಸೊನ್ನೆ ಎಂದೆ. ಅದು ನಿಜವೂ ಆಗಿತ್ತು. ಬಾಗಿಲಲ್ಲಿ ಹೊಸಮನಿ ಡಾಕ್ಟರು ನಿಂತಿದ್ದನ್ನು ನೋಡಿ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಸೊನ್ನೆ ಎಂದೆ. ಅವರು ಹುಬ್ಬೇರಿಸಿ, ಶಾಂತಾಬಾಯಿಯ ಕಡೆ ತಿರುಗಿ, ಗಂಡಂದಿರು ಹೀಗೇ ಹೇಳಬೇಕಲ್ಲವೇ ಎಂದು ಹೋದರು.

ನನ್ನನ್ನು ಕೆಣಕಿದ್ದು ಆ ಮಾತು. ಅದೇ ಹೊತ್ತಿಗೆ ಬಲ ಹೆಗಲಿನಲ್ಲಿ ಒಂದು ನೋವು ಸುರುವಾಯಿತು. ಮೊದಲು ಭಾರ ಹೊತ್ತು ಇಳಿಸಿದ ಹಾಗೆ, ಆಮೇಲೆ ಒಳಗಿನಿಂದ ಯಾರೋ ಮೊಳೆ ತಿರುವಿದ ಹಾಗೆ. ಆಪರೇಷನ್ ಹೊಟ್ಟೆಗೆ, ನೋವು ಹೆಗಲಿಗೆ. ಸೂಜಿ ಪದರು ತಪ್ಪಿ ಹೆಗಲಿನ ಕಡೆ ಹೋಗಿರಬಹುದೇ ಎಂದು ನನ್ನ ಪಾಂಡಿತ್ಯಕ್ಕೆ ತೋಚಿತು. ಇದನ್ನು ಬಾಯಿಬಿಟ್ಟರೆ ಸರ್ಜನ್ನರು ಏನನ್ನುತ್ತಾರೆಂದು ಊಹಿಸಿದೆ. ನೋಡಿರಿ, ಬ್ಲಾಕ್ ಮಾಡಿದರೂ ನೋವು ಬಂತು ಎನ್ನುತ್ತಾರೆ. ಯಂತ್ರ ಮೂಲೆಗೆ ಸೇರುತ್ತದೆ. ಮಟಕಿಯ ಹುಡುಗಿ ಇಷ್ಟು ವರ್ಷ ಓದಿದ್ದು ನನ್ನ ಒಂದು ಹೆಗಲಿನಿಂದ ಮಣ್ಣುಪಾಲಾಗಬೇಕೇ? ಆಗಬಾರದು ಎಂದು ತೀರ್ಮಾನಿಸಿ ಹಲ್ಲು ಕಚ್ಚಿದೆ. ಶಾಂತಾಬಾಯಿ ಮತ್ತೆ ಬಂದಾಗ ಸೊನ್ನೆ. ಮತ್ತೆ ಬಂದಾಗಲೂ ಸೊನ್ನೆ. ಬೆವರು ಯಾಕೆಂದರೆ ಸೆಕೆ ಎಂದೆ. ಕಲಬುರಗಿ ಜಿಲ್ಲೆಯಲ್ಲಿ ಈ ಉತ್ತರವನ್ನು ಯಾರೂ ಅನುಮಾನಿಸುವುದಿಲ್ಲ. ಸಂಜೆಗೆ ಎದ್ದು ಓಡಾಡಲು ಹೇಳಿದಾಗ, ಎಡಗೈ ಬೀಸುತ್ತ, ಬಲಗೈಯನ್ನು ಭಾಷಣಕಾರರ ಹಾಗೆ ಎದೆಗೆ ಒತ್ತಿ ಹಿಡಿದು, ವರಾಂಡದ ಈ ತುದಿಯಿಂದ ಆ ತುದಿಗೆ ನಗುತ್ತ ನಡೆದೆ. ಬೇರೆ ರೋಗಿಗಳ ಕಡೆಯವರು ಎದ್ದು ನಿಂತು ನೋಡಿದರು. ಹೊಟ್ಟೆ ಕಿಂಚಿತ್ತೂ ನೋಯುತ್ತಿರಲಿಲ್ಲ, ಇಷ್ಟು ಚಂದದ ಕೆಲಸಕ್ಕೆ ಒಂದು ಹೆಗಲು ಕಲ್ಲು ಹಾಕುತ್ತಿದೆಯಲ್ಲ ಎಂದು ಆ ಹೆಗಲಿನ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ಜೇವರ್ಗಿಯಿಂದ ಮಲ್ಲಣ್ಣ ಬಂದ. ಕೈಯಲ್ಲಿ ಎಳನೀರು, ಮುಖದಲ್ಲಿ ಸಮಾಧಾನ ಹೇಳುವ ತಯಾರಿ. ಮಂಚದಲ್ಲಿ ನರಳುವವನನ್ನು ನೋಡಲು ಬಂದವನಿಗೆ ವರಾಂಡದಲ್ಲಿ ಠೀವಿಯಿಂದ ನಡೆಯುತ್ತಿದ್ದ ನಾನು ಸಿಕ್ಕಿದೆ. ಅವನಿಗೆ ಸಂತೋಷವಾಯಿತೋ ನಿರಾಸೆಯಾಯಿತೋ ಹೇಳಲಾರೆ. ಕೆಮ್ಮಿ ತೋರಿಸಿದೆ. ಸೀನು ಬರಲಿಲ್ಲ, ಬಂದಿದ್ದರೆ ಅದನ್ನೂ ತೋರಿಸುತ್ತಿದ್ದೆ. ಇದೆಲ್ಲಾ ನಿನ್ನ ನಾದಿನಿಯ ಕೈಗುಣ ಎಂದೆ. ಮಲ್ಲಣ್ಣ ಬಹಳ ಹೊತ್ತು ನನ್ನನ್ನು ನೋಡಿ, ಕೊನೆಗೆ ದೊಡ್ಡ ಮನಸ್ಸು ಮಾಡಿ, "ಭೇಷ್ ಲೇ ಶರಣಪ್ಪ" ಎಂದು, ಕಡೆಗೂ ಒಪ್ಪಿಕೊಂಡವನ ಅಭಿಮಾನದಿಂದ, ಬೇಳೆಯ ಚೀಲ ಎತ್ತಿ ಪಳಗಿದ ಕೈಯಿಂದ ನನ್ನ ಬಲ ಹೆಗಲಿಗೆ ಒಂದು ಬಾರಿಸಿದ.

ನಾನು ಕೂಗಿದ ದನಿಯ ಬಗ್ಗೆ ಹೆಚ್ಚು ಬರೆಯಲಾರೆ. ಪಿತ್ತಕೋಶದ ದಿನದ್ದಕ್ಕಿಂತ ಅದು ಮೇಲಿತ್ತೆಂದು ಆಮೇಲೆ ಮನೆಯವರು ಹೇಳಿದರು. ಶಾಂತಾಬಾಯಿ ಬಂದರು, ಹೊಸಮನಿ ಡಾಕ್ಟರು ಬಂದರು, ಸುವರ್ಣಾ ಆಪರೇಷನ್ ಕೋಣೆಯಿಂದ ಓಡಿಬಂದಳು. ಮಲ್ಲಣ್ಣ ಎಳನೀರು ಹಿಡಿದು ತಾನು ಏನೂ ಮಾಡಿಲ್ಲವೆಂದು ಎಲ್ಲರಿಗೂ ಹೇಳತೊಡಗಿದ. ಹೆಗಲು ಯಾವಾಗಿನಿಂದ ನೋಯುತ್ತಿದೆ ಎಂದು ಹೆಂಡತಿ ಕೇಳಿದಳು. ಮಧ್ಯಾಹ್ನದಿಂದ ಎಂದೆ. ಅವಳ ಮುಖದ ಬಣ್ಣ ಹೋಯಿತು. ನನ್ನನ್ನು ಮಂಚದ ಮೇಲೆ ಮಲಗಿಸಿ ನಾಡಿ ನೋಡಿದಳು, ಬಿಪಿ ನೋಡಿದಳು, ಹೊಟ್ಟೆಯನ್ನು ಅಂಗುಲ ಅಂಗುಲ ಒತ್ತಿ ನೋಡಿದಳು. ಹೊಸಮನಿ ಡಾಕ್ಟರು ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿಸಿದರು. ಅವರಿಬ್ಬರೂ ಪರದೆ ನೋಡುತ್ತ ತಮ್ಮ ತಮ್ಮಲ್ಲಿ ಸಣ್ಣ ದನಿಯಲ್ಲಿ ಮಾತಾಡಿಕೊಂಡ ಆ ಸ್ವಲ್ಪ ಹೊತ್ತಿನಲ್ಲಿ ನನ್ನ ಹೆಂಡತಿಯ ಕೈ ನಡುಗುತ್ತಿದ್ದದ್ದನ್ನು ನಾನು ನೋಡಿದೆ. ಪದರು ಚಪಾತಿ ಬಿಡಿಸಿದ ಅದೇ ಕೈ. ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು.

ಏನೂ ಆಗಿರಲಿಲ್ಲ. ದುರ್ಬೀನ್ ಆಪರೇಷನ್ನಿನಲ್ಲಿ ಹೊಟ್ಟೆಯನ್ನು ಗ್ಯಾಸು ತುಂಬಿ ಉಬ್ಬಿಸುತ್ತಾರೆ. ಉಳಿದ ಗ್ಯಾಸು ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಕೆರಳಿಸಿದರೆ ಅದರ ನೋವು ಹೆಗಲಿನಲ್ಲಿ ಕಾಣುತ್ತದೆ. ಬಹಳ ಜನರಿಗೆ ಬರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ, ಸಾದಾ ಗುಳಿಗೆಗೆ ತಗ್ಗುತ್ತದೆ. ಬ್ಲಾಕಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಳಗೆ ರಕ್ತವೋ ಪಿತ್ತರಸವೋ ಸೋರುತ್ತಿದ್ದರೂ ಅದೇ ಹೆಗಲು ಹೀಗೇ ನೋಯಬಹುದು. ಯಾವುದು ಯಾವುದೆಂದು ಗೊತ್ತಾಗುವುದು ರೋಗಿ ಬಾಯಿ ಬಿಟ್ಟರೆ. ಇದನ್ನೆಲ್ಲ ಸುವರ್ಣಾ ಎಲ್ಲರೂ ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದಳು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದಳು. ನಿನ್ನ ಮರ್ಯಾದೆ ಹೋಗಬಾರದೆಂದು ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇರುತ್ತಿತ್ತು.

"ನನ್ನ ಮರ್ಯಾದಿ ಉಳಸಾಕ ಹೋಗಿ ನನ್ನ ಜೀವಾನೇ ಬಾಯಿಗೆ ತಂದ್ರಿ ನೀವು" ಎಂದಳು. "ಬ್ಲಾಕ್ ಮಾಡೋದು ಬ್ಯಾನಿ ಮುಚ್ಚಾಕಲ್ರಿ. ಮೈ ಹಗುರ ಆಗಿ, ಉಳದದ್ದು ಏನರ ಇದ್ರ ಅದು ಕಾಣ್ಲಿ ಅಂತ. ನೀವು ಹೆಗಲ ನೋಯಾಕತ್ತದ ಅಂದಿದ್ರ ಅದು ನನ್ನ ಸೋಲಾಗ್ತಿರಲಿಲ್ಲ."

ಗುಳಿಗೆ ಕೊಟ್ಟಳು. ತಾಸೊಪ್ಪತ್ತಿನಲ್ಲಿ ಹೆಗಲು ಹಗುರಾಯಿತು. ಅಷ್ಟೂ ಹೊತ್ತು ನಾನು ಹಲ್ಲು ಕಚ್ಚಿ ಕಾಪಾಡಿದ್ದು ಒಂದು ಗುಳಿಗೆಯ ನೋವನ್ನು.

ಹೊಸಮನಿ ಡಾಕ್ಟರಿಗೆ ಇದೆಲ್ಲದರಿಂದ ತಮ್ಮ ವಾದವೇ ಗೆದ್ದಂತಾಯಿತು. ಹೊಟ್ಟೆ ನೋಯುತ್ತಿಲ್ಲವೆಂದು ನಾನು ಹೇಳಿದ್ದು ನಿಜವಾಗಿತ್ತು, ಆದರೆ ಆ ನಿಜಕ್ಕೆ ಈಗ ಬೆಲೆ ಇರಲಿಲ್ಲ. ಹೆಗಲಿನ ವಿಷಯದಲ್ಲಿ ಸೊನ್ನೆ ಹೇಳಿದವನು ಹೊಟ್ಟೆಯ ವಿಷಯದಲ್ಲಿ ಮಾತ್ರ ಖರೆ ಹೇಳಿದನೆಂದು ಯಾಕೆ ನಂಬಬೇಕು? ನಾನು ನ್ಯಾಯಾಧೀಶನಾಗಿದ್ದರೂ ನಂಬುತ್ತಿರಲಿಲ್ಲ. ಗಂಡನ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ, ಸಂಬಂಧವಿಲ್ಲದ ಒಬ್ಬರಿಗೆ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದು ಅವರು ಸುವರ್ಣಾಳಿಗೆ ಹೇಳಿದರಂತೆ. ಅವಳು ಬೇಸರಪಡದೆ ಅದನ್ನೇ ಹಿಡಿದುಕೊಂಡಳು.

ಸಂಬಂಧವಿಲ್ಲದವರು ಮರುವಾರವೇ ಬಂದರು. ಅಫಜಲಪುರದ ಕಡೆಯ ಹವಳಗಾದ ಗುರುಬಾಯಿ ಗೌಡತಿ. ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಕಳಿಸುವ ದೊಡ್ಡ ಮನೆತನದ ಯಜಮಾನಿ, ಮಗಳನ್ನು ಆಳಂದಕ್ಕೆ ಕೊಟ್ಟಿದ್ದರಿಂದ ಇಲ್ಲಿಗೆ ಬಂದವರು. ಕಬ್ಬಿನ ಗದ್ದೆಯ ಆಚೆ ಬದುವಿಗೂ ಕೇಳುವ ದನಿ. ಅವರಿಗೂ ಪಿತ್ತಕೋಶದ್ದೇ ಹರಳು. ಇವರ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಹಿಂದೆ ಎಲ್ಲೋ ಆಪರೇಷನ್ ಆದಾಗ ಇಂಜೆಕ್ಷನ್ನಿಗೆ ದಿನವೆಲ್ಲ ವಾಂತಿಯಾಗಿ, ಹೊಲಿಗೆಯ ಮೇಲೆ ವಾಂತಿ ಮಾಡಿಕೊಳ್ಳುವ ಸಂಕಟ ನೋಡಿ ಇವರು ಹೆದರಿಬಿಟ್ಟಿದ್ದರು. ವರ್ಷದಿಂದ ಆಪರೇಷನ್ ಬೇಡವೆನ್ನುತ್ತ, ಎಣ್ಣೆಯದು ಬಿಟ್ಟು, ಖಾರ ಬಿಟ್ಟು, ಕೊನೆಗೆ ಊಟವನ್ನೇ ಬಿಡುವ ಹಂತಕ್ಕೆ ಬಂದು ಸೊರಗಿದ್ದರು. ಸುವರ್ಣಾ ಅವರ ಹತ್ತಿರ ಬಹಳ ಹೊತ್ತು ಕೂತು ಮಾತಾಡಿದಳಂತೆ. ಏನು ಹೇಳಿದಳೋ, ಗೌಡತಿ ಒಪ್ಪಿದರು.

ಅವರ ಆಪರೇಷನ್ನಿನ ದಿನವೇ ನನ್ನ ಹೊಲಿಗೆ ತೋರಿಸುವುದಿತ್ತು. ತೋರಿಸುವುದು ಮುಗಿದರೂ ನಾನು ಮನೆಗೆ ಹೋಗಲಿಲ್ಲ. ಗುರುಬಾಯಿಯವರ ಕೋಣೆಯ ಹೊರಗಿನ ಬೆಂಚಿನಲ್ಲಿ, ಪೇಪರು ಓದುವವನ ಹಾಗೆ ಕೂತೆ. ಮಧ್ಯಾಹ್ನ ದಾಟಿದ ಮೇಲೆ ಹೊಸಮನಿ ಡಾಕ್ಟರು, ಶಾಂತಾಬಾಯಿಯನ್ನು ಕಳಿಸದೆ, ತಾವೇ ಬಂದು ಒಳಗೆ ಹೋದರು. ಹತ್ತಕ್ಕೆ ಎಷ್ಟೆಂದು ಕೇಳಿದರು.

"ನನ್ನ ಹೊಟ್ಟಿ ಎಲ್ಲದ ಅಂತ ನಾನೇ ಹುಡಕಾಕತ್ತೇನ್ರಿ ಸಾಹೇಬ್ರ" ಎಂದು ಗೌಡತಿಯ ದನಿ ವರಾಂಡಕ್ಕೆ ಬಂತು. "ಕೆಮ್ಮಿದ್ರ ಒಂದೀಟು ಜಗ್ಗತದ, ಅದಕ್ಕ ಎರಡು ಹಾಕ್ರಿ. ಈ ಹೆಗಲ ಹಿಡದದ, ಅದಕ್ಕ ನಾಕು. ಆ ತಾಯಿ ಮೊದಲೇ ಹೇಳಿದ್ಲು ಹೆಗಲ ಹಿಡೀತದ ಅಂತ. ವಾಂತಿ ಇಲ್ಲ ಏನಿಲ್ಲ. ಒಂದ್ ಕಪ್ ಚಾ ಕೊಡಸ್ರಿ."

ಯಾವ ತಾಯಿ ಎಂದು ಡಾಕ್ಟರು ಕೇಳಿದರು. ಬೇಹೋಶ್ ಡಾಕ್ಟ್ರು ಎಂದು ಗೌಡತಿ ಹೇಳಿದರು, ಹೇಳಿ, ಆಕೆಯ ಮುಖ ತನಗೆ ಚೆನ್ನಾಗಿ ನೆನಪಿದೆ, ಕಣ್ಣು ಮುಚ್ಚುವವರೆಗೂ ಕೈ ಹಿಡಿದುಕೊಂಡೇ ನಿಂತಿದ್ದಳು ಎಂದರು. ನಾನು ಪೇಪರನ್ನು ಮುಖಕ್ಕೆ ಹತ್ತಿರ ತಂದುಕೊಂಡೆ. ಮುಪ್ಪಿನ ಕಡೆ ಹೊರಟ ಮನುಷ್ಯ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಣ್ಣೊರೆಸಿಕೊಂಡರೆ ನೋಡಿದವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಹೊಸಮನಿ ಡಾಕ್ಟರು ಹೊರಗೆ ಬಂದವರು ನನ್ನನ್ನು ನೋಡಿಯೂ ನೋಡದಂತೆ ಹೋಗಿ, ಶಾಂತಾಬಾಯಿಗೆ ನಾಳೆಯ ರೋಗಿಗಳಿಗೂ ಬ್ಲಾಕಿನ ತಯಾರಿ ಇಟ್ಟುಕೊಳ್ಳಲು ಹೇಳಿದರು. ಅವರ ಸ್ವಭಾವ ಬಲ್ಲವರಿಗೆ ಅದು ಶಾಲು ಹೊದಿಸಿದಂತೆಯೇ.

ಅಂದಿನಿಂದ ಆ ಆಸ್ಪತ್ರೆಯಲ್ಲಿ ಬ್ಲಾಕ್ ರೂಢಿಯಾಯಿತು. ಹಿಂದೆ ಇಂಥದಕ್ಕೆಲ್ಲ ಸೊಲ್ಲಾಪುರದ ಹಾದಿ ಹಿಡಿಯುತ್ತಿದ್ದವರು ಈಗ ಆಳಂದದಲ್ಲೇ ಮಾಡಿಸಿಕೊಳ್ಳುತ್ತಾರೆ. ಮಲ್ಲಣ್ಣ ಈಗಲೂ ಅಂಗಿ ಎತ್ತಿ ಗುರುತು ತೋರಿಸುತ್ತಾನೆ, ಆದರೆ ಆಮೇಲೆ ನಮ್ಮ ನಾದಿನಿ ಆಗ ಇದ್ದಿದ್ದರೆ ಇಷ್ಟು ಪಾಡು ಪಡುತ್ತಿರಲಿಲ್ಲ ಎಂದು ಸೇರಿಸುತ್ತಾನೆ. ನಾನಂತೂ ಸ್ಟಾಫ್ ರೂಮಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಕಲಬುರಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರಿಗಾದರೂ ಸರಿ, ಹೊಟ್ಟೆಯ ಮೂರು ಪದರುಗಳ ವಿಷಯ ಎತ್ತುತ್ತೇನೆ. ಹೋಟೆಲಿನಲ್ಲಿ ನಾನು ಚಪಾತಿ ಬಿಡಿಸತೊಡಗಿದರೆ ಪರಿಚಯದವರು ಮೇಜು ಬದಲಿಸುತ್ತಾರೆಂಬ ಸುದ್ದಿಯಿದೆ.

ಮೊನ್ನೆ ಕಲಬುರಗಿಯಲ್ಲಿ ಈ ಭಾಗದ ಅರಿವಳಿಕೆ ಡಾಕ್ಟರುಗಳ ಒಂದು ಸಭೆಯಿತ್ತು. ತಾಲ್ಲೂಕಿನ ಸಣ್ಣ ಆಸ್ಪತ್ರೆಯಲ್ಲಿ ಇದನ್ನೆಲ್ಲ ಹೇಗೆ ಸುರುಮಾಡಿದೆವು, ರೋಗಿಗಳಿಗೆ ಎಷ್ಟು ಹಗುರಾಯಿತು ಎಂದು ಮಾತಾಡಲು ಸುವರ್ಣಾಳನ್ನು ಕರೆದಿದ್ದರು. ಮನೆಯವರಿಗೂ ಬರಲು ಅವಕಾಶವಿತ್ತು. ನಾನು ಮದುವೆಯ ಕೋಟು ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿಕೊಂಡು ಹೋಗಿ ಎರಡನೆಯ ಸಾಲಿನಲ್ಲಿ ಕೂತೆ. ಹೊಸಮನಿ ಡಾಕ್ಟರು ನನ್ನ ಮುಂದಿನ ಸಾಲಿನಲ್ಲಿದ್ದರು. ಅವಳು ಇಳಕಲ್ಲ ಸೀರೆ ಉಟ್ಟು ವೇದಿಕೆ ಏರಿ, ಪರದೆಯ ಮೇಲೆ ಚಿತ್ರ ತೋರಿಸುತ್ತ, ಅಲ್ಲಿನ ದೊಡ್ಡ ದೊಡ್ಡ ಡಾಕ್ಟರುಗಳ ಪ್ರಶ್ನೆಗಳಿಗೆ ನಮ್ಮ ಅಡುಗೆ ಮನೆಯಲ್ಲಿ ಮಾತಾಡುವಷ್ಟೇ ಸಲೀಸಾಗಿ ಉತ್ತರ ಕೊಟ್ಟಳು. ಸಭೆ ಗಪ್ಪಾಗಿ ಕೇಳುತ್ತಿತ್ತು. ನಾನು ಒಂದೇ ಒಂದು ವಿಷಯಕ್ಕೆ ಕಾಯುತ್ತಿದ್ದೆ: ಇದೆಲ್ಲ ಮೊದಲು ಯಾರ ಹೊಟ್ಟೆಯಿಂದ ಸುರುವಾಯಿತೆಂದು ಅವಳು ಹೇಳುವ ಗಳಿಗೆಗೆ. ಕೋಟಿನ ಗುಂಡಿ ಹಾಕಿಕೊಂಡು, ಎದ್ದು ನಿಂತು ಕೈಮುಗಿಯಬೇಕೋ ಕೂತೇ ಮುಗಿಯಬೇಕೋ ಎಂದು ಯೋಚಿಸಿಟ್ಟುಕೊಂಡಿದ್ದೆ.

ಆ ಗಳಿಗೆ ಬಂತು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟಾಗುತ್ತದೆ: ಮೊದಲನೆಯ ರೋಗಿಯನ್ನು ನಾವು ಈ ಲೆಕ್ಕದಲ್ಲಿ ಸೇರಿಸಿಲ್ಲ, ಯಾಕೆಂದರೆ ನೋವಿನ ಬಗ್ಗೆ ಆತ ಕೊಟ್ಟ ಉತ್ತರಗಳು ನಂಬಲು ಯೋಗ್ಯವಾಗಿರಲಿಲ್ಲ.

ಸಭೆಯಲ್ಲಿ ನಗುವಿನ ಅಲೆ ಎದ್ದಿತು. ಹೊಸಮನಿ ಡಾಕ್ಟರ ಭುಜಗಳು ಕುಲುಕುತ್ತಿದ್ದವು, ತಿರುಗಿ ನೋಡದಿರುವಷ್ಟು ದೊಡ್ಡತನವನ್ನು ಅವರು ತೋರಿಸಿದರು. ನನ್ನ ಪಕ್ಕದಲ್ಲಿ ಬೀದರಿನ ಕಡೆಯ ವಯಸ್ಸಾದ ಡಾಕ್ಟರೊಬ್ಬರು ಕೂತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, ನೀವೂ ಆಳಂದದವರಲ್ಲವೇ, ಆ ಮೊದಲನೆಯ ರೋಗಿ ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದರು.

"ಅಷ್ಟೇನು ಪರಿಚಯ ಇಲ್ರಿ" ಎಂದು ಹೇಳಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.